ಡಿಸ್ಚಾರ್ಜ್ ಆದ ಮೇಲೆ

ಮಗಳೇ,

ನೀನು ಹೃದ್ರೋಗದ ಡಿ.ಎಂ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದೀಯ, ಆದರೆ ಮನಸ್ಸು ಹೃದಯದ ನಾಳ ತೆರೆಯುವ ಕ್ಯಾಥ್ ಲ್ಯಾಬಿನ ಕಡೆ ಪೂರ್ತಿ ವಾಲಿಲ್ಲ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಹೃದಯಾಘಾತವಾಗಿ ಬದುಕಿದವರನ್ನು ಮತ್ತೆ ನಡೆಸಿ, ಕೆಲಸಕ್ಕೆ ಹಚ್ಚಿ, ಅವರಿಗೆ ಧೈರ್ಯ ತುಂಬುವ ರಿಹ್ಯಾಬ್ ಕೆಲಸ ನಿನಗೆ ಹಿಡಿಸಿದೆಯಂತೆ. ಆಸ್ಪತ್ರೆಯ ದಾಖಲೆಗಳನ್ನು ಕಂಪ್ಯೂಟರಿಗೆ ಒಪ್ಪಿಸಿ ಅದರಿಂದ ಚಿಕಿತ್ಸೆಗೆ ದಾರಿ ಹುಡುಕುವ ಕೆಲಸವೂ ಹಿಡಿಸಿದೆಯಂತೆ. ಮೊದಲನೆಯದನ್ನು ಫಿಸಿಯೋಥೆರಪಿಯವರು ನೋಡಿಕೊಳ್ಳುತ್ತಾರೆ, ಎರಡನೆಯದನ್ನು ಸಾಫ್ಟ್‌ವೇರಿನವರು ನೋಡಿಕೊಳ್ಳುತ್ತಾರೆ, ನೀನು ಸುಮ್ಮನೆ ಸ್ಟೆಂಟು ಹಾಕುವುದನ್ನು ಕಲಿ ಎಂದು ನಿನ್ನ ಜೊತೆಯವರು ಬುದ್ಧಿ ಹೇಳಿದರಂತೆ. ನಿಮ್ಮಪ್ಪನಿಗೂ ಅದೇ ಚಿಂತೆ. ಅವನಿಗೆ ನಾನು ಬೇರೆಯಾಗಿ ಹೇಳುತ್ತೇನೆ. ನಿನಗೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಣ್ಣಿಗೆ ನಿನ್ನ ಈ ಎರಡು ಆಸೆಗಳು ಬೇರೆಬೇರೆ ದಾರಿಗಳಲ್ಲ. ರೋಗಿ ಆಸ್ಪತ್ರೆಯ ಬಾಗಿಲು ದಾಟಿ ಹೋದ ಮೇಲೆ ಏನಾದ ಎಂದು ಪಟ್ಟು ಹಿಡಿದು ಕೇಳುವ ವೈದ್ಯರಿಗೆ ಎರಡೂ ಬೇಕಾಗುತ್ತವೆ. ಅವನು ನಡೆದನೇ, ಮಾತ್ರೆ ನುಂಗಿದನೇ, ಕೆಲಸಕ್ಕೆ ಹೋದನೇ ಎಂದು ನೋಡುವುದು ರಿಹ್ಯಾಬ್. ನೋಡಿದ್ದನ್ನು ಮರೆಯದೆ ಬರೆದಿಟ್ಟು, ಸಾವಿರ ಜನರದನ್ನು ಒಟ್ಟಿಗೆ ಇಟ್ಟು ಓದಿ, ಮುಂದಿನವನಿಗೆ ಏನು ಮಾಡಬೇಕೆಂದು ಕಲಿಯುವುದು ಇನ್ನೊಂದು. ಮಲೆನಾಡಿನ ಆಸ್ಪತ್ರೆಗಳಲ್ಲಿ ಆಯುಷ್ಯ ಕಳೆದವನು ನಾನು. ನಮ್ಮಲ್ಲಿ ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಆ ಬಾಗಿಲಾಚೆಯೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನಿನ್ನ ಆಸೆ ಕೇಳಿ ನನಗೆ ನಿಜವಾಗಿ ಸಂತೋಷವಾಯಿತು.

ಈ ಕೆಲಸ ಹೇಗೆ ಹುಟ್ಟಿತು ಎಂಬುದನ್ನು ನೀನು ತಿಳಿದಿರಬೇಕು. ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲಿ ಒಂದು ಲೇಖನ ಬರೆದರು. ಹೃದಯದ ರಕ್ತನಾಳ ಥಟ್ಟನೆ ಕಟ್ಟಿಕೊಂಡರೂ ಮನುಷ್ಯ ಬದುಕಬಲ್ಲ ಎಂದು ಅದು ತೋರಿಸಿಕೊಟ್ಟಿತು. ಬದುಕಿದವನನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಕಾಲ ಕೊಟ್ಟ ಉತ್ತರ ಹಾಸಿಗೆ. ಸತ್ತ ಸ್ನಾಯು ಗಟ್ಟಿ ಕಲೆಯಾಗಲು ವಾರಗಟ್ಟಲೆ ಬೇಕೆಂದು ಶವಪರೀಕ್ಷೆಗಳು ಹೇಳಿದ್ದರಿಂದ ಆರು ವಾರ ಮಲಗಿಸುವುದು ವಾಡಿಕೆಯಾಯಿತು. ಉಣ್ಣಿಸುವವರು ಬೇರೆಯವರು, ಮೈ ಒರೆಸುವವರು ಬೇರೆಯವರು. ಆಮೇಲೂ ತಿಂಗಳುಗಟ್ಟಲೆ ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ ಎಂಬ ಕಟ್ಟುನಿಟ್ಟು. ಎಷ್ಟೋ ಜನ ಹೃದಯದಿಂದ ಸಾಯಲಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸತ್ತರು. ಉಳಿದವರಲ್ಲಿ ಹಲವರು ನಲವತ್ತೈದಕ್ಕೇ ಮುದುಕರಾಗಿ ಮೂಲೆ ಸೇರಿದರು.

ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಅವರ ಕೈಕೆಳಗಿದ್ದ ಬರ್ನಾರ್ಡ್ ಲೌನ್ 81 ಮಂದಿ ರೋಗಿಗಳನ್ನು ಮೊದಲ ದಿನಗಳಲ್ಲೇ ಹಾಸಿಗೆಯಿಂದೆಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಅದರ ಫಲವನ್ನು 1952ರಲ್ಲಿ ಪ್ರಕಟಿಸಿದರು. ಕೂರಿಸಿದ್ದಕ್ಕೆ ಯಾರೂ ಹೆಚ್ಚಾಗಿ ಸಾಯಲಿಲ್ಲ. ಇಷ್ಟು ಸಣ್ಣ ಬದಲಾವಣೆಗೂ ಆ ಆಸ್ಪತ್ರೆಯ ಕಿರಿಯ ವೈದ್ಯರೇ ಕೋಪಗೊಂಡು ಎದುರು ನಿಂತಿದ್ದರು. ಒಳ್ಳೆಯ ಉದ್ದೇಶದಿಂದ ಹುಟ್ಟಿದ ತಪ್ಪು ಅಭ್ಯಾಸವೇ ಬಿಡಿಸಲು ಎಲ್ಲಕ್ಕಿಂತ ಕಷ್ಟ. ನಿನ್ನ ಕೆಲಸದಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಅದಾದ ಮೂರು ವರ್ಷಕ್ಕೆ, 1955ರಲ್ಲಿ, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಡೆನ್ವರಿನಲ್ಲಿ ಹೃದಯಾಘಾತವಾಯಿತು. ಚಿಕಿತ್ಸೆಯ ಸಲಹೆಗೆ ಬಂದ ಪಾಲ್ ಡಡ್ಲಿ ವೈಟ್ ದೇಶಕ್ಕೆಲ್ಲ ರೋಗದ ವಿಷಯ ಬಿಡಿಸಿ ಹೇಳಿದರು. ಅಧ್ಯಕ್ಷರು ಕೆಲಸಕ್ಕೆ ಮರಳಿ ಮರುವರ್ಷ ಚುನಾವಣೆಯನ್ನೂ ಗೆದ್ದರು. ಹೃದಯಾಘಾತವಾದವನ ಬದುಕು ಮುಗಿಯಿತು ಎಂಬ ನಂಬಿಕೆ ಅಲ್ಲಿಂದ ಸಡಿಲವಾಗತೊಡಗಿತು.

ಹಾಸಿಗೆ ಮಾಡುವ ಹಾನಿ ಎಷ್ಟೆಂದು ಅಳೆದು ತೋರಿಸಿದ್ದು 1966ರ ಡಲಾಸ್ ಪ್ರಯೋಗ. ಆರೋಗ್ಯವಂತರಾದ ಐವರು ಇಪ್ಪತ್ತರ ಹುಡುಗರನ್ನು ಮೂರು ವಾರ ಮಲಗಿಸಿದರು. ಅವರ ದೇಹ ಆಮ್ಲಜನಕ ಬಳಸಿ ದುಡಿಯುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳಾದ ಮೇಲೆ ಅದೇ ಐವರನ್ನು ಕರೆಸಿ ಅಳೆದರು. ಮೂವತ್ತು ವರ್ಷದ ವಯಸ್ಸು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚಾಗಿತ್ತು. ಮನೆಯವರು ರೋಗಿಯನ್ನು ಏಳಲು ಬಿಡದೆ ಪ್ರೀತಿಯಿಂದ ಮಲಗಿಸಿದಾಗಲೆಲ್ಲ ಈ ಕತೆ ಹೇಳು. ನಾನು ಹೇಳುತ್ತಿದ್ದೆ, ಕೇಳುತ್ತಿದ್ದರು.

ಈ ಎಲ್ಲರಿಗಿಂತ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತವರು ಕ್ಲೀವ್‌ಲ್ಯಾಂಡಿನ ಹರ್ಮನ್ ಹೆಲರ್‌ಸ್ಟೈನ್. ಅವರ ಊರು ಕಾರ್ಖಾನೆಗಳ ಊರು. ಹೃದಯಾಘಾತವಾದ ಕಾರ್ಮಿಕನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರಿಗೆ ಭಯ, ಕಳಿಸಲು ಹೆಂಡತಿಗೆ ಭಯ, ಸಹಿ ಹಾಕಲು ವೈದ್ಯರಿಗೆ ಭಯ. ಭಯಪಡುವ ಬದಲು ಅಳೆದು ನೋಡೋಣ ಎಂದವರು ಹೆಲರ್‌ಸ್ಟೈನ್. ಯಾವ ಹೃದಯ ಯಾವ ಕೆಲಸಕ್ಕೆ ತಾಳುತ್ತದೆ ಎಂದು ಪರೀಕ್ಷಿಸುವ ಕ್ಲಿನಿಕ್ಕನ್ನೇ ಕಟ್ಟಿದರು. ಕಾರ್ಖಾನೆಯೊಳಗೇ ಹೋಗಿ, ದುಡಿಯುತ್ತಿರುವಾಗಲೇ ಕಾರ್ಮಿಕರ ಹೃದಯಕ್ಕೆ ಎಷ್ಟು ಹೊರೆ ಬೀಳುತ್ತದೆ ಎಂದು ಅಧ್ಯಯನ ಮಾಡಿದರು. ಹೆಚ್ಚಿನ ಕೆಲಸಗಳು ಹೃದಯದಿಂದ ಕೇಳುವ ದುಡಿತ ಎಲ್ಲರೂ ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು. ಆಮೇಲೆ 1960ರ ದಶಕದಲ್ಲಿ ಹೃದಯಾಘಾತವಾದ ಗಂಡಸರನ್ನು ಊರಿನ ಸಮುದಾಯ ಭವನದ ವ್ಯಾಯಾಮ ಶಾಲೆಗೆ ಕರೆದು ಕ್ರಮವಾಗಿ ಓಡಿಸಿದರು, ಎತ್ತಿಸಿದರು. ಆಗ ಅದು ದುಸ್ಸಾಹಸವೆಂದೇ ಬಹಳ ಜನರ ಎಣಿಕೆ.

ಅವರಿಂದ ನೀನು ಕಲಿಯಬೇಕಾದ್ದು ಟ್ರೆಡ್‌ಮಿಲ್ಲಿನ ಲೆಕ್ಕಕ್ಕಿಂತ ಈ ಕ್ರಮವನ್ನು: ರೋಗಿಯ ಕೆಲಸ ಯಾವುದು ಎಂದು ತಿಳಿ, ಆ ಕೆಲಸವನ್ನು ಅಳೆ, ಆಮೇಲೆ ಮಾತಾಡು. ನನ್ನ ಓ.ಪಿ.ಡಿ.ಗೆ ಅಡಿಕೆ ಕೊನೆ ಕೊಯ್ಯುವವರು ಬರುತ್ತಿದ್ದರು. ಐವತ್ತು ದಾಟದ, ಗಟ್ಟಿಮುಟ್ಟಾದ ಆಳು, ಹೃದಯಾಘಾತವಾಗಿ ಸ್ಟೆಂಟು ಹಾಕಿಸಿಕೊಂಡು ಬಂದವನು. ಅವನಿಗೆ ಇರುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ಮರ ಹತ್ತಬಹುದಾ?" ದೊಡ್ಡ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. ಶ್ರಮದ ಕೆಲಸ ಬೇಡ ಎಂದಷ್ಟೇ ಇರುತ್ತದೆ. ಆ ಒಂದು ಸಾಲು ಮನೆಯೊಂದರ ಅನ್ನವನ್ನು ನಿಲ್ಲಿಸಬಲ್ಲದು. ಮರ ಹತ್ತುವಾಗ ತೋಳು, ತೊಡೆ, ಸೊಂಟ ಮೂರೂ ಒಟ್ಟಿಗೆ ಬಿಗಿಯುತ್ತವೆ, ಬಿ.ಪಿ. ಜಿಗಿಯುತ್ತದೆ, ಮೇಲೆ ತಲೆಸುತ್ತಿದರೆ ಹಿಡಿಯುವವರಿಲ್ಲ. ಹಾಗಾಗಿ ಕೆಲವರಿಗೆ ಬೇಡವೆಂದೇ ಹೇಳಬೇಕಾಗುತ್ತದೆ. ಆದರೆ ಅದೇ ಮನುಷ್ಯ ಕೆಳಗೆ ನಿಂತು ಕೊನೆ ಹಿಡಿಯಬಹುದೇ, ಅಡಿಕೆ ಹೊರಬಹುದೇ, ಸೊಪ್ಪು ತರಬಹುದೇ, ಎಷ್ಟು ವಾರಕ್ಕೆ ಯಾವುದು? ಇದನ್ನು ಹೇಳುವುದೇ ಅವನಿಗೆ ಚಿಕಿತ್ಸೆ. ನಾಟಿ ಮಾಡುವ ಹೆಂಗಸು, ಲಾರಿಗೆ ಮೂಟೆ ತುಂಬುವ ಹಮಾಲಿ, ರಾತ್ರಿ ಪಾಳಿಯ ಬಸ್ ಡ್ರೈವರ್, ಇವರೆಲ್ಲರ ಕೆಲಸವನ್ನು ನಮ್ಮವರೇ ಅಳೆಯಬೇಕು. ಅದು ನಿನ್ನ ತಲೆಮಾರಿನ ಪಾಲಿನದು.

ಹೆಂಗಸರ ವಿಷಯ ಬಂತು, ಅದಕ್ಕೆ ಇನ್ನಷ್ಟು ಜಾಗ ಕೊಡುತ್ತೇನೆ. ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯಲ್ಲಿ ಬಡವರ ನಡುವೆ ದುಡಿದ ನ್ಯಾನೆಟ್ ವೆಂಗರ್ ಅವರ ಹೆಸರು ನಿನ್ನ ಪುಸ್ತಕದಲ್ಲಿ ಬಂದೇ ಇರುತ್ತದೆ. ಹೃದಯಾಘಾತವಾದವರನ್ನು ಹಾಸಿಗೆಯಲ್ಲಿ ಕೈಕಾಲು ಆಡಿಸುವುದರಿಂದ ಹಿಡಿದು ಮೆಟ್ಟಿಲು ಹತ್ತುವವರೆಗೆ 14 ಹಂತಗಳಲ್ಲಿ ಎಬ್ಬಿಸುವ ಕ್ರಮವನ್ನು ರೂಪಿಸಿದವರು ಅವರು. ಹೃದ್ರೋಗ ಗಂಡಸರ ರೋಗ ಎಂಬ ಮೂಢನಂಬಿಕೆಯ ವಿರುದ್ಧ ದಶಕಗಟ್ಟಲೆ ಹೋರಾಡಿದವರೂ ಅವರೇ. ಈಗಲೂ ಹಲವು ದೇಶಗಳಲ್ಲಿ ಗಂಡಸರಿಗಿಂತ ಕಡಿಮೆ ಹೆಂಗಸರನ್ನು ರಿಹ್ಯಾಬಿಗೆ ಕಳಿಸುತ್ತಾರೆ. ನಮ್ಮಲ್ಲಿ ಅದರ ರೂಪ ಇನ್ನೂ ಕಠಿಣ. ಗಂಡಸು ಡಿಸ್ಚಾರ್ಜ್ ಆದರೆ ತಿಂಗಳ ಕಾಲ ಅವನ ಸುತ್ತ ಮನೆ ನಿಲ್ಲುತ್ತದೆ. ಹೆಂಗಸು ಡಿಸ್ಚಾರ್ಜ್ ಆದ ಮೂರನೆಯ ದಿನಕ್ಕೆ ಒಲೆಯ ಮುಂದೆ ಇರುತ್ತಾಳೆ. ನಡೆಯಲು ಹೋಗುತ್ತೇನೆ ಎಂದರೆ ಸೋಮಾರಿತನ ಅನ್ನಿಸಿಕೊಳ್ಳುತ್ತಾಳೆ. ನೀನು ಹೆಣ್ಣು ವೈದ್ಯೆ. ಅವಳ ಜೊತೆ ಬಂದ ಗಂಡನನ್ನೋ ಮಗನನ್ನೋ ಎದುರು ಕೂರಿಸಿಕೊಂಡು, ದಿನಕ್ಕೆ ಅರ್ಧ ಗಂಟೆ ಇವರ ನಡಿಗೆ ಮಾತ್ರೆಯಷ್ಟೇ ಮುಖ್ಯ ಎಂದು ಚೀಟಿಯಲ್ಲಿ ಬರೆದು ಕೊಡು. ಬಾಯಲ್ಲಿ ಹೇಳಿದರೆ ಸಾಲದು. ಚೀಟಿಯಲ್ಲಿ ಬರೆದದ್ದಕ್ಕೆ ಮನೆಯಲ್ಲಿ ಬೆಲೆ ಹೆಚ್ಚು.

ರೋಗಿಗಳು ಕೇಳದ ಇನ್ನೊಂದು ಪ್ರಶ್ನೆ ಇದೆ. ದೊಡ್ಡಪ್ಪ ಇದನ್ನು ಬರೆಯುತ್ತಾನಲ್ಲ ಎಂದು ಸಂಕೋಚಪಡಬೇಡ, ವೈದ್ಯನಾಗಿ ಬರೆಯುತ್ತಿದ್ದೇನೆ. ಗಂಡ ಹೆಂಡಿರ ಸಹವಾಸ ಮತ್ತೆ ಆಗಬಹುದೇ ಎಂಬ ಭಯ ಪ್ರತಿಯೊಂದು ಜೋಡಿಗೂ ಇರುತ್ತದೆ, ನೂರಕ್ಕೆ ಒಬ್ಬರೂ ಬಾಯಿಬಿಡುವುದಿಲ್ಲ. ಹೆಲರ್‌ಸ್ಟೈನ್ ಮತ್ತು ಫ್ರೀಡ್‌ಮನ್ ಅದನ್ನೂ ಅಳೆದು 1970ರಲ್ಲಿ ಪ್ರಕಟಿಸಿದರು. ಆ ಗಂಡಸರ ಹೃದಯದ ಬಡಿತ ಅಂಥ ಹೊತ್ತಿನಲ್ಲಿ ಸರಾಸರಿ 117ರ ಸುಮಾರಿಗೆ ಏರುತ್ತಿತ್ತು; ಅದೇ ಜನ ದಿನದ ಕೆಲಸ ಮಾಡುವಾಗ 120ರ ಸುಮಾರು. ಎರಡು ಅಂತಸ್ತು ಮೆಟ್ಟಿಲನ್ನು ಎದೆನೋವಿಲ್ಲದೆ, ಏದುಸಿರಿಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಭಯವಿಲ್ಲ ಎಂದು ನೀನಾಗಿಯೇ ಹೇಳು. ನೈಟ್ರೇಟ್ ಮಾತ್ರೆ ತಿನ್ನುವವರು ಸಿಲ್ಡೆನಾಫಿಲ್ ಮುಟ್ಟಬಾರದೆಂದೂ ಅದೇ ಉಸಿರಿಗೆ ಹೇಳು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಪ್ರಾಣ ಹೋಗುತ್ತದೆ.

ಇದಕ್ಕೆಲ್ಲ ದೊಡ್ಡ ಯಂತ್ರ ಬೇಕು ಎಂದು ಕಾಯಬೇಡ. ವಾರ್ಡಿನ ಮೂವತ್ತು ಮೀಟರ್ ಕಾರಿಡಾರು, ಒಂದು ಗಡಿಯಾರ, ಇಬ್ಬರು ಸಿಸ್ಟರುಗಳು ಇದ್ದರೆ ಆರು ನಿಮಿಷದ ನಡಿಗೆ ಪರೀಕ್ಷೆ ಆಯಿತು. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸು ಸಾಕು ಎಂದರೆ ಓದುಬರಹ ಬಾರದವರಿಗೂ ತಿಳಿಯುತ್ತದೆ. ಎದೆನೋವು ಹತೋಟಿಗೆ ಬಾರದವರು, ಉಸಿರುಕಟ್ಟಿ ಕಾಲು ಊದಿದವರು, ಅಯೋರ್ಟಿಕ್ ಕವಾಟ ತೀರಾ ಕಿರಿದಾದವರು, ಬಡಿತದ ಲಯ ತಪ್ಪಿದವರು, ಇವರನ್ನು ಮೊದಲು ಬೇರೆ ಮಾಡಿಕೋ. ಆ ಜಾಗರೂಕತೆಗೆ ವೈದ್ಯರೇ ಬೇಕು, ಫಿಸಿಯೋಥೆರಪಿಯವರಿಗೆ ಬಿಟ್ಟರೆ ಆಯಿತು ಅನ್ನುವವರಿಗೆ ಇದೇ ಉತ್ತರ. ಅವರ ಕೈಗಳಿಲ್ಲದೆ ನಿನ್ನ ಕೆಲಸವೂ ನಡೆಯದು, ಅದನ್ನೂ ಮರೆಯಬೇಡ.

ಇದರಿಂದ ನಿಜಕ್ಕೂ ಪ್ರಯೋಜನ ಉಂಟೇ ಎಂದು ನಿಮ್ಮಪ್ಪ ಕೇಳಿದ. ಉಂಟು. 63 ಪ್ರಯೋಗಗಳನ್ನು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟಿಗೆ ನೋಡಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿ, ವ್ಯಾಯಾಮದ ರಿಹ್ಯಾಬಿಗೆ ಸೇರಿದವರು ಹೃದಯದ ಕಾರಣದಿಂದ ಸಾಯುವುದು ಸುಮಾರು ಕಾಲುಭಾಗ ಕಡಿಮೆಯಾಗಿತ್ತು. ಇಷ್ಟು ಗುಣ ಕೊಡುವ ಮಾತ್ರೆಯೊಂದು ಬಂದಿದ್ದರೆ ಪ್ರತಿ ಚೀಟಿಯಲ್ಲೂ ಅದರ ಹೆಸರಿರುತ್ತಿತ್ತು. ಆದರೆ ವಿಮೆಯವರೇ ಹಣ ಕೊಡುವ ಅಮೆರಿಕದಲ್ಲೂ ಅರ್ಹರಾದ ವೃದ್ಧರಲ್ಲಿ ಸುಮಾರು ಕಾಲುಭಾಗದವರು ಮಾತ್ರ ಹೋಗುತ್ತಾರೆ. ನಮ್ಮಲ್ಲಿ ಅಂಥ ಕೇಂದ್ರಗಳೇ ಬೆರಳೆಣಿಕೆ.

ಹಾಗಾದರೆ ನಮ್ಮ ದಾರಿ ಯಾವುದು? ನಮ್ಮ ದೇಶದಲ್ಲೇ ನಡೆದ ಎರಡು ಕೆಲಸ ನಿನಗೆ ಗೊತ್ತಿರಲಿ. ಒಂದು ಯೋಗ-ಕೇರ್. 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರನ್ನು ಸೇರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಆಸನ, ಉಸಿರಾಟ, ಧ್ಯಾನ ಸೇರಿದ ಪುನಶ್ಚೇತನ ಕ್ರಮವನ್ನು ಕಲಿಸಿದರು. ಸಾವು ಮತ್ತು ಮರು ಆಘಾತ ಕಡಿಮೆಯಾಯಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಆದರೆ ಕಲಿತವರು ಹೆಚ್ಚು ನೆಮ್ಮದಿಯಿಂದಿದ್ದರು, ಮೊದಲಿನ ಕೆಲಸಗಳಿಗೆ ಹೆಚ್ಚಾಗಿ ಮರಳಿದರು. ಯೋಗ ಎಲ್ಲವನ್ನೂ ವಾಸಿಮಾಡುತ್ತದೆ ಅನ್ನುವವರಿಗೂ ಏನೂ ಮಾಡುವುದಿಲ್ಲ ಅನ್ನುವವರಿಗೂ ಈ ಫಲವನ್ನು ಇದ್ದ ಹಾಗೇ ಹೇಳು. ಇನ್ನೊಂದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡೆನಿಸ್ ಝೇವಿಯರ್ ಮತ್ತು ಅವರ ಜೊತೆಯವರು 14 ಆಸ್ಪತ್ರೆಗಳಲ್ಲಿ 806 ರೋಗಿಗಳೊಂದಿಗೆ ಮಾಡಿದ್ದು. ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರು ಡಿಸ್ಚಾರ್ಜ್ ಆದವರನ್ನು ಆಗಾಗ ಕಂಡು ಮಾತ್ರೆ, ಊಟ, ನಡಿಗೆ, ತಂಬಾಕಿನ ವಿಷಯ ಮಾತಾಡಿದರು. ವರ್ಷದ ಕೊನೆಗೆ ಆ ಗುಂಪಿನವರು ಮಾತ್ರೆ ಬಿಡದೆ ನುಂಗುವುದರಲ್ಲೂ ಜೀವನಕ್ರಮದಲ್ಲೂ ಮುಂದಿದ್ದರು. ಇದನ್ನು ಮಾಡಿದ್ದು ವೈದ್ಯರಲ್ಲ, ಸ್ಟೆಂಟಲ್ಲ, ತಿಳಿಹೇಳಬಲ್ಲ ಒಬ್ಬ ಮನುಷ್ಯ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡಿದಾಗಲೆಲ್ಲ ನನಗೆ ಈ ಕೆಲಸ ನೆನಪಾಗುತ್ತದೆ.

ಈಗ ಕಂಪ್ಯೂಟರಿನ ಮಾತಿಗೆ ಬರುತ್ತೇನೆ. ವೈದ್ಯಕೀಯಕ್ಕೆ ಕಂಪ್ಯೂಟರನ್ನು ತಂದ ಮೊದಲಿಗರಲ್ಲಿ ಹಲವರು ಹೃದಯದ ವೈದ್ಯರೇ ಎಂಬುದನ್ನು ನಿನ್ನ ಜೊತೆಯವರಿಗೆ ಹೇಳು. ಕಾರಣ ಸರಳ. ಹೃದಯ ತನ್ನ ಕತೆಯನ್ನು ಅಲೆಗಳಲ್ಲಿ, ಅಂಕಿಗಳಲ್ಲಿ ಹೇಳುತ್ತದೆ: ಇ.ಸಿ.ಜಿ., ರಕ್ತದ ಒತ್ತಡ, ಬಡಿತ. ಅಂಕಿ ಇದ್ದಲ್ಲಿ ಗಣಿತಕ್ಕೆ ಜಾಗವಿದೆ. ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಹೋಮರ್ ವಾರ್ನರ್ ಎಂಬವರಿದ್ದರು. ವೈದ್ಯ ಪದವಿಯ ಮೇಲೆ ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ, 1954ರಲ್ಲಿ ಅಲ್ಲಿನ ಎಲ್.ಡಿ.ಎಸ್. ಆಸ್ಪತ್ರೆಯಲ್ಲಿ ಹೃದಯದ ಪ್ರಯೋಗಶಾಲೆ ತೆರೆದರು. ರಕ್ತದೊತ್ತಡದ ಅಲೆಗಳನ್ನು ಕಂಪ್ಯೂಟರಿಗೆ ಓದಿಸುತ್ತ ಓದಿಸುತ್ತ, ರೋಗನಿರ್ಣಯವನ್ನೇ ಅದಕ್ಕೆ ಕಲಿಸಬಹುದೇ ಎಂದು ಯೋಚಿಸಿದರು.

1961ರಲ್ಲಿ ಅವರು ಮತ್ತು ಜೊತೆಯವರು ಪ್ರಕಟಿಸಿದ ಲೇಖನ ಹುಟ್ಟಿನಿಂದ ಬರುವ ಹೃದಯದೋಷಗಳ ಕುರಿತದ್ದು. ಯಾವ ದೋಷದಲ್ಲಿ ಯಾವ ಲಕ್ಷಣ ನೂರಕ್ಕೆ ಎಷ್ಟು ಜನರಲ್ಲಿ ಕಾಣುತ್ತದೆ ಎಂದು ಪಟ್ಟಿ ಮಾಡಿದರು. ಹೊಸ ರೋಗಿ ಬಂದಾಗ ಅವನ ಲಕ್ಷಣಗಳನ್ನು ಕೊಟ್ಟು, ಬೇಯ್ಸ್ ಸೂತ್ರದಿಂದ ಯಾವ ದೋಷದ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿಸಿದರು. ಫಲ ಅನುಭವಿ ವೈದ್ಯರ ನಿರ್ಣಯಕ್ಕೆ ಸರಿಸಮನಾಗಿತ್ತು. ಇವತ್ತು ಕೃತಕ ಬುದ್ಧಿಮತ್ತೆ ಎಂದು ಊರೆಲ್ಲ ಮಾತಾಡುವುದರ ಬೇರು ಇಂಥ ಕಡೆ ಇದೆ. ನೀನು ಗಮನಿಸಬೇಕಾದ್ದು ಆ ಪಟ್ಟಿಯನ್ನು. ಲಕ್ಷಣ ಇತ್ತೋ ಇಲ್ಲವೋ ಎಂದು ಯಾರೋ ಶ್ರದ್ಧೆಯಿಂದ ಕಿವಿಗೊಟ್ಟು ಕೇಳಿ ಬರೆದಿದ್ದರಿಂದಲೇ ಸೂತ್ರಕ್ಕೆ ಜೀವ ಬಂತು. ಸ್ಟೆತೊಸ್ಕೋಪು ಸರಿಯಾಗಿ ಇಡದ ಕೈ ತುಂಬಿದ ಕಾಲಮ್ಮನ್ನು ಯಾವ ಯಂತ್ರವೂ ನಿಜ ಮಾಡಲಾರದು.

ವಾರ್ನರ್ ಅಲ್ಲಿಗೇ ನಿಲ್ಲಲಿಲ್ಲ. ಅದೇ ಆಸ್ಪತ್ರೆಯಲ್ಲಿ ಹೆಲ್ಪ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದು ದಾಖಲೆ ಇಟ್ಟುಕೊಂಡು ಸುಮ್ಮನಿರುತ್ತಿರಲಿಲ್ಲ, ದಾಖಲೆ ಓದಿ ವೈದ್ಯರನ್ನು ಎಚ್ಚರಿಸುತ್ತಿತ್ತು. ಅದರ ದಾಖಲೆಗಳಿಂದ 1992ರಲ್ಲಿ ಹೊರಬಂದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಶಸ್ತ್ರಚಿಕಿತ್ಸೆಗೆ ಒಳಗಾದ 2,847 ಮಂದಿಗೆ ಸೋಂಕು ತಡೆಯಲು ಕೊಡುವ ಆ್ಯಂಟಿಬಯಾಟಿಕ್ಕನ್ನು ಯಾವ ಹೊತ್ತಿಗೆ ಕೊಟ್ಟರು ಎಂದು ನೋಡಿದರು. ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಕೊಟ್ಟವರಲ್ಲಿ ಸೋಂಕಾದದ್ದು ನೂರಕ್ಕೆ 0.6. ಅದಕ್ಕೂ ಬಹಳ ಮೊದಲೇ ಕೊಟ್ಟವರಲ್ಲಿ 3.8, ತೀರ ತಡವಾಗಿ ಕೊಟ್ಟವರಲ್ಲಿ 3.3. ಅದೇ ಔಷಧ, ಅದೇ ಆಸ್ಪತ್ರೆ. ಕೊಟ್ಟ ಗಳಿಗೆಯನ್ನು ಬರೆದಿಟ್ಟಿದ್ದರಿಂದ ಇದು ಗೊತ್ತಾಯಿತು. ನಮ್ಮ ಕೇಸ್ ಶೀಟುಗಳಲ್ಲಿ ಎಷ್ಟೋ ಕಡೆ ಗಳಿಗೆಯ ಜಾಗದಲ್ಲಿ ಒಂದು ಗೀಟು ಇರುತ್ತದೆ.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಆಕ್ಟೋ ಬಾರ್ನೆಟ್ ಕೂಡ ಹೃದಯದ ವೈದ್ಯರೇ. ಇಡೀ ಆಸ್ಪತ್ರೆಯನ್ನು ಒಂದೇ ಏಟಿಗೆ ಕಂಪ್ಯೂಟರಿಗೆ ಹತ್ತಿಸುವ ಅಲ್ಲಿನ ಮೊದಲ ದೊಡ್ಡ ಯೋಜನೆ ಅಂದುಕೊಂಡಂತೆ ಕೈಗೂಡಲಿಲ್ಲ. ಅವರ ಪ್ರಯೋಗಶಾಲೆ ಆಮೇಲೆ ಸಣ್ಣ ಸಣ್ಣ ಭಾಗಗಳಾಗಿ ಕಟ್ಟತೊಡಗಿತು. ಅಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ ಮಂಪ್ಸ್ ಎಂಬ ಕಂಪ್ಯೂಟರ್ ಭಾಷೆ ಅಮೆರಿಕದ ಆಸ್ಪತ್ರೆಗಳಲ್ಲಿ ಇವತ್ತಿಗೂ ದುಡಿಯುತ್ತಿದೆ. ನಿನಗೆ ಯಾರಾದರೂ ಕೋಟಿಗಟ್ಟಲೆ ಯೋಜನೆ ತಂದು ತೋರಿಸಿದರೆ ಬಾರ್ನೆಟ್ಟರನ್ನು ನೆನೆ. ಮೊದಲು ಒಂದು ವಾರ್ಡು, ಒಂದು ರೋಗ, ಒಂದು ಪ್ರಶ್ನೆ.

ಪರದೇಶದ ಕತೆ ಸಾಕು ಅನ್ನಿಸಿದರೆ ಮೈಸೂರಿಗೆ ಬಾ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿನ ನರ್ಸುಗಳು 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನೂ ಬಸುರಿಯ ತೂಕವನ್ನೂ ರಿಜಿಸ್ಟರಿನಲ್ಲಿ ಬರೆಯುತ್ತ ಬಂದರು. ಯಾವ ಸಂಶೋಧನೆಗೂ ಅಲ್ಲ, ಬರೆಯುವುದು ಆಸ್ಪತ್ರೆಯ ಶಿಸ್ತು ಎಂದು ಬರೆದರು. ಆ ರಿಜಿಸ್ಟರುಗಳನ್ನು ಬಿಸಾಡದೆ ಇಟ್ಟಿದ್ದರು. ದಶಕಗಳಾದ ಮೇಲೆ ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆಸುಪಾಸಿನಲ್ಲೇ ಇದ್ದ 517 ಗಂಡಸರು ಹೆಂಗಸರನ್ನು ಹುಡುಕಿ ಅವರ ಹೃದಯ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋ ಇನ್ನೂರು ಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ 3. ಕೂಸೂ ಸಣ್ಣದು, ತಾಯಿಯೂ ಬಡಕಲು ಎಂದಿದ್ದಲ್ಲಿ ಅದು 20ಕ್ಕೆ ಹೋಗಿತ್ತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಬಸುರಿಯ ಮೈತೂಕಕ್ಕೂ ದಶಕಗಳ ಮೇಲೆ ಮಕ್ಕಳಿಗೆ ಬರುವ ಹೃದ್ರೋಗಕ್ಕೂ ನಂಟಿದೆ ಎಂದು ತೋರಿಸಿದ್ದು ಹೆಸರೇ ಉಳಿಯದ ಆ ನರ್ಸುಗಳ ಕೈಬರಹ. ಕಂಪ್ಯೂಟರ್ ಕೆಲಸ ವೈದ್ಯರಿಗೆ ಶೋಭೆಯಲ್ಲ ಅಂದವರನ್ನು ಆ ರಿಜಿಸ್ಟರಿನ ಮುಂದೆ ನಿಲ್ಲಿಸಬೇಕು ಅನ್ನಿಸುತ್ತದೆ ನನಗೆ.

ನಮ್ಮ ಕಡೆಯ ಬೇರೆ ಬೆಳವಣಿಗೆಗಳು ನಿನಗೇ ಗೊತ್ತು. ಮಂಗಳೂರಿನ ಡಾ. ಪದ್ಮನಾಭ ಕಾಮತರು ಹಳ್ಳಿಯ ವೈದ್ಯರಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲೇ ಸಲಹೆ ಸಿಗುವಂತೆ ಮಾಡಿದರು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ. ನಿಮಿಷಗಳಲ್ಲಿ ದೊಡ್ಡ ಕೇಂದ್ರಕ್ಕೆ ತಲುಪುತ್ತದೆ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಅಲ್ಲೇ ಪುಕ್ಕಟೆ ಸಿಗುತ್ತದೆ. ನನ್ನ ಕಾಲದಲ್ಲಿ ಇದು ಕನಸು. ಆದರೆ ಅಲ್ಲಿ ಬದುಕಿದವನು ಆರು ತಿಂಗಳಿಗೆ ಹೇಗಿದ್ದಾನೆ? ಈ ಪ್ರಶ್ನೆಯನ್ನು ನಿನ್ನದು ಮಾಡಿಕೋ.

ಅದಕ್ಕೆ ನೀನು ಎಲ್ಲಿದ್ದರೂ ಒಂದು ಸಣ್ಣ ರಿಜಿಸ್ಟರು ಶುರು ಮಾಡು. ಕಂಪ್ಯೂಟರಿನಲ್ಲಿ ಮಾಡು, ಆದರೆ ಕಾಲಮ್ಮುಗಳನ್ನು ನೀನೇ ಯೋಚಿಸು. ಇಲ್ಲ, ಗೊತ್ತಿಲ್ಲ, ಕೇಳಲಿಲ್ಲ, ಈ ಮೂರಕ್ಕೂ ಬೇರೆಬೇರೆ ಗುರುತು ಇಡು. ಖಾಲಿ ಬಿಟ್ಟ ಜಾಗವನ್ನು ಯಂತ್ರ ಇಲ್ಲ ಎಂದು ಓದಿಕೊಂಡು ಸುಳ್ಳು ಲೆಕ್ಕ ಕೊಡುತ್ತದೆ. ಫೋನ್ ನಂಬರು ಎರಡು ಬೇಕು, ಒಂದು ಅವನದು, ಇನ್ನೊಂದು ಮನೆಯ ಬೇರೆಯವರದು. ಒಬ್ಬನೇ ಮಂಜುನಾಥ ಇಂಗ್ಲಿಷ್ ಅಕ್ಷರದಲ್ಲಿ ಬಗೆಬಗೆಯಾಗಿ ಬರೆಸಿಕೊಂಡು ನಾಲ್ಕು ಜನರಾಗುತ್ತಾನೆ. ಅದಕ್ಕೆ ಸರ್ಕಾರ ಕೊಡುವ ಆರೋಗ್ಯ ಗುರುತು, 14 ಅಂಕಿಯ ಆಭಾ ಸಂಖ್ಯೆ ಇದ್ದರೆ ಅದನ್ನೂ ಹಾಕು. ಉದ್ಯೋಗದ ಕಾಲಮ್ಮಿನಲ್ಲಿ ಕೂಲಿ ಎಂದು ಬರೆದು ಮುಗಿಸಬೇಡ, ಯಾವ ಕೂಲಿ ಎಂದು ಕೇಳು. ಬೀಡಿಯ ಜೊತೆಗೆ ಎಲೆಯಡಿಕೆಯ ತಂಬಾಕನ್ನೂ ಕೇಳು, ಹೆಂಗಸರನ್ನೂ ಕೇಳು. ಮಾತ್ರೆ ಬಿಟ್ಟಿದ್ದರೆ ಏಕೆ ಬಿಟ್ಟ ಎಂದು ಅವನ ಮಾತಿನಲ್ಲೇ ಬರೆ: ಹಣವಿಲ್ಲ, ಗುಣವಾಯಿತು ಅಂದುಕೊಂಡೆ, ಅಂಗಡಿಯಲ್ಲಿ ಸಿಗಲಿಲ್ಲ. ಈ ಮೂರಕ್ಕೂ ಮದ್ದು ಬೇರೆಬೇರೆ. ಇನ್ನೊಂದು, ಬರೆದದ್ದನ್ನು ಬೀಗದಲ್ಲಿಡು. ಬಸ್ ಡ್ರೈವರ್ ಒಬ್ಬನ ಹೃದಯದ ವಿಷಯ ಅವನ ಒಪ್ಪಿಗೆಯಿಲ್ಲದೆ ಹೊರಬಿದ್ದರೆ ಅವನ ಕೆಲಸಕ್ಕೇ ಕುತ್ತು.

ಹೊರಗಿನಿಂದ ಬಂದ ಲೆಕ್ಕಾಚಾರದ ಯಂತ್ರಗಳನ್ನು ನಮ್ಮ ಜನರ ಮೇಲೆ ಪರೀಕ್ಷಿಸದೆ ನಂಬಬೇಡ. ಇದೇ ಸೇಂಟ್ ಜಾನ್ಸಿನವರು ಮುನ್ನಡೆಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ದಾಖಲೆಯಲ್ಲಿ 89 ಆಸ್ಪತ್ರೆಗಳ 20,937 ಭಾರತೀಯ ರೋಗಿಗಳಿದ್ದರು. ಅವರ ಸರಾಸರಿ ವಯಸ್ಸು 57ರ ಸುಮಾರು. ಮುಂದುವರಿದ ದೇಶಗಳವರಿಗಿಂತ ನಮ್ಮವರು ಬೇಗ ಬೀಳುತ್ತಾರೆ, ಅದರಲ್ಲೂ ಬಡವರಿಗೆ ಚಿಕಿತ್ಸೆ ಕಡಿಮೆ ಸಿಗುತ್ತದೆ ಎಂದು ಅದು ಹೇಳಿತು. ಅಲ್ಲಿನವರ ಅಂಕಿಗಳಿಂದ ಕಲಿತ ಯಂತ್ರ ಇಲ್ಲಿನ ನಲವತ್ತರ ರೈತನನ್ನು ಕಂಡು ಅಪಾಯವಿಲ್ಲ ಎಂದುಬಿಡಬಹುದು. ಯಂತ್ರ ಮತ್ತು ನಿನ್ನ ಕೈ ಬೇರೆಬೇರೆ ಹೇಳಿದಾಗ ರೋಗಿಯನ್ನು ಇನ್ನೊಮ್ಮೆ ಮುಟ್ಟಿ ನೋಡು. ಕಂಪ್ಯೂಟರಿನ ಪರದೆಯನ್ನು ನಿನಗೂ ರೋಗಿಗೂ ಇಬ್ಬರಿಗೂ ಕಾಣುವ ಹಾಗೆ ಇಟ್ಟುಕೋ. ಮಾತಾಡುವಾಗ ಅವನ ಮುಖ ನೋಡು, ಬರೆಯುವಾಗ ಬರೆಯುತ್ತಿರುವುದನ್ನು ಓದಿ ಹೇಳು.

ಕೊನೆಗೆ ನೀನು ನೇರವಾಗಿ ಕೇಳಿದ ಮಾತು: ಡಿ.ಎಂ. ಮಾಡಲೋ ಬಿಡಲೋ? ಮಾಡು. ಕ್ಯಾಥ್ ಲ್ಯಾಬಿನಲ್ಲಿ ಏನು ನಡೆಯಿತು, ಯಾವ ನಾಳ ತೆರೆಯಿತು, ಯಾವುದು ಉಳಿಯಿತು ಎಂದು ಕೈಯಾರೆ ತಿಳಿದವಳ ಮಾತಿಗೆ ರಿಹ್ಯಾಬಿನಲ್ಲಿ ತೂಕ ಬೇರೆ. ಸೀಟು ಸಿಗುವುದು ತಡವಾದರೂ ರಿಜಿಸ್ಟರು ಕಾಯಬೇಕಾಗಿಲ್ಲ. ಅಂಕಿಅಂಶಶಾಸ್ತ್ರವನ್ನು ಮಾತ್ರ ಈಗಲೇ ಸರಿಯಾಗಿ ಕಲಿ, ಈ ವಯಸ್ಸು ದಾಟಿದರೆ ತಲೆಗೆ ಹತ್ತುವುದು ನಿಧಾನ. ದುಡಿಮೆ ಸ್ಟೆಂಟು ಹಾಕುವವರಷ್ಟು ಇರುವುದಿಲ್ಲ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮನೆ ನಡೆಯುವಷ್ಟು ಇರುತ್ತದೆ, ನಿಮ್ಮಪ್ಪನಿಗೂ ಹಾಗೇ ಹೇಳುತ್ತೇನೆ. ರಿಜಿಸ್ಟರಿಗೆ ಬೇಕಾದ ಪ್ರಶ್ನೆಗಳ ಫಾರ್ಮಿನ ಕರಡು ಆದ ಮೇಲೆ ನನಗೆ ಕಳಿಸು. ಮೊದಲು ಕನ್ನಡದಲ್ಲಿ ಬರೆ, ಇಂಗ್ಲಿಷಿಗೆ ಆಮೇಲೆ ಹಾಕು. ಅದನ್ನು ಕೇಳುವವರು ವಾರ್ಡಿನ ಸಿಸ್ಟರು, ಉತ್ತರ ಹೇಳುವವನು ಕೊನೆ ಕೊಯ್ಯುವ ಆಳು. ನಾನು ಓದಿ ತಿದ್ದಿ ವಾರದೊಳಗೆ ಮರಳಿಸುತ್ತೇನೆ.

ನಿನ್ನ ದೊಡ್ಡಪ್ಪ